ಹೊಸ ವಿಂಡೋಸ್ ಬಂತು, ಹಳೇ ಫೈಲ್ ಎಲ್ಲಿ?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದ ಮೇಲೆ ಹಳೇ ಕಂಪ್ಯೂಟರಿಗೆ ಹೊಸ ಓಎಸ್ (ಕಂಪ್ಯೂಟರ್ ನಡೆಸುವ ಮೂಲ ಸಾಫ್ಟ್‌ವೇರ್) ಹಾಕಿಸುವ ಯೋಚನೆ ಬಹಳ ಮನೆಗಳಿಗೆ ಬಂದಿದೆ. ಮೆಷಿನ್ ತಾಳುವಂತಿದ್ದರೆ ವಿಂಡೋಸ್ 11, ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಇಲ್ಲದ ಹಳೆಯದಾದರೆ ಲಿನಕ್ಸ್ ಮಿಂಟ್ ಅಥವಾ ಉಬುಂಟು ಎಂಬ ಉಚಿತ ಓಎಸ್. ಅಂಗಡಿಯಿಂದ ತಂದು ಆನ್ ಮಾಡಿದರೆ ಮೆಷಿನ್ ಚುರುಕಾಗಿದೆ, ಡೆಸ್ಕ್‌ಟಾಪ್ ಮಾತ್ರ ಬರಿದು. ಮಂಡ್ಯದ ಆಲೆಮನೆಯ ಬೆಲ್ಲದ ಲೆಕ್ಕ, ಮಾನಸಗಂಗೋತ್ರಿಯ ಸಂಶೋಧನಾ ವಿದ್ಯಾರ್ಥಿಯ ಅರ್ಧ ಮುಗಿದ ಥೀಸಿಸ್, ಮಗಳ ನಾಮಕರಣದ ಫೋಟೋ, ಯಾವುದೂ ಕಾಣುವುದಿಲ್ಲ. ಇಂಥ ಹೊತ್ತಿನಲ್ಲಿ ಗಾಬರಿಬಿದ್ದು ಮಾಡುವ ಕೆಲಸಗಳೇ ಉಳಿದಿದ್ದ ಫೈಲನ್ನೂ ಕಳೆಯುತ್ತವೆ. ಹಾಗಾಗಿ ಯಾವುದನ್ನು ಮೊದಲು ನೋಡಬೇಕು, ಯಾವುದನ್ನು ಆಮೇಲೆ ಎಂಬ ಕ್ರಮ ತಿಳಿದಿರಲಿ.

ಮೊದಲು ಮೆಷಿನ್ ಆಫ್ ಮಾಡಿ

ಹಾರ್ಡ್ ಡಿಸ್ಕಿಗೆ ಕ್ವಿಕ್ ಫಾರ್ಮ್ಯಾಟ್ ಕೊಟ್ಟಾಗ ಅಳಿಯುವುದು ಯಾವ ಫೈಲ್ ಎಲ್ಲಿದೆ ಎಂಬ ಪಟ್ಟಿ ಮಾತ್ರ. ಪಹಣಿಯಲ್ಲಿ ಹೆಸರು ತೆಗೆದ ಮಾತ್ರಕ್ಕೆ ಗದ್ದೆಯಲ್ಲಿರುವ ಕಬ್ಬು ಮಾಯವಾಗುವುದಿಲ್ಲ. ಬೇರೆಯವರು ಬಂದು ಉತ್ತಾಗ ಹೋಗುತ್ತದೆ. ಹೊಸ ಓಎಸ್ ಉಳುವುದು ಅಪ್‌ಡೇಟ್, ಬ್ರೌಸರ್, ಆಂಟಿವೈರಸ್ ಮೂಲಕ. ನೀವು ಏನೂ ಮಾಡದೆ ಕೂತಿದ್ದರೂ ಅದು ಡಿಸ್ಕ್ ಮೇಲೆ ಬರೆಯುತ್ತಲೇ ಇರುತ್ತದೆ. ಫೈಲ್ ವಾಪಸ್ ತರುವ ಸಾಫ್ಟ್‌ವೇರನ್ನು ಅದೇ ಮೆಷಿನ್ನಿಗೆ ಡೌನ್‌ಲೋಡ್ ಮಾಡಿದರೆ, ಹುಡುಕುತ್ತಿರುವ ಫೋಟೋದ ಜಾಗದಲ್ಲೇ ಆ ಸಾಫ್ಟ್‌ವೇರ್ ಹೋಗಿ ಕೂರಬಹುದು.

ಮೆಷಿನ್ ಆಫ್ ಆಗಿರುವಾಗಲೇ ಫೋನಿನಲ್ಲಿ ಒನ್‌ಡ್ರೈವ್, ಗೂಗಲ್ ಡ್ರೈವ್ ತೆರೆದು ನೋಡಿ. ವಿಂಡೋಸಿಗೆ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗುತ್ತಿದ್ದವರ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಫೋಲ್ಡರುಗಳು ಒನ್‌ಡ್ರೈವ್‌ನಲ್ಲಿ ಉಳಿದಿರುವುದುಂಟು. ವೈಯಕ್ತಿಕ ಖಾತೆಯಲ್ಲಿ ಅಳಿಸಿದ ಫೈಲೂ 30 ದಿನ ಅದರ ರಿಸೈಕಲ್ ಬಿನ್ನಿನಲ್ಲಿರುತ್ತದೆ.

ಅಂಗಡಿಯವರಿಗೆ ಫೋನ್ ಮಾಡಿ

ಸಿಟ್ಟು ಆಮೇಲೆ ಇರಲಿ, ಈಗ ಬೇಕಿರುವುದು ಉತ್ತರ. ‘ಅಣ್ಣ, ಸಿ ಡ್ರೈವ್ ಫಾರ್ಮ್ಯಾಟ್ ಕೊಟ್ರಾ, ಇಲ್ಲ ಹಾಗೇ ಅದರ ಮೇಲೆ ಹಾಕಿದ್ರಾ? ಡಿ ಡ್ರೈವ್ ಡಿಲೀಟ್ ಮಾಡಿದ್ರಾ? ಡಿಸ್ಕ್ ಅದೇನಾ, ಇಲ್ಲ ಬದಲಾಯಿಸಿದ್ರಾ?’ ಮೂರನೆಯದನ್ನು ಮರೆಯದೆ ಕೇಳಿ. ಸ್ಪೀಡ್ ಬರಲಿ ಎಂದು ಹಾರ್ಡ್ ಡಿಸ್ಕ್ ತೆಗೆದು ತಿರುಗುವ ಭಾಗವಿಲ್ಲದ, ವೇಗದ ಎಸ್‌ಎಸ್‌ಡಿ ಹಾಕುವುದು ಈಗ ಮಾಮೂಲಿ. ‘ಹಳೇದು ಇಲ್ಲೇ ಡ್ರಾಯರಲ್ಲಿದೆ ಸಾರ್, ಬಂದು ತಗೊಂಡ್ಹೋಗಿ’ ಅಂದರೆ ನಿಮ್ಮ ಕೆಲಸ ಅಲ್ಲಿಗೆ ಮುಗಿಯಿತು. ಸಾಟಾದಿಂದ, ಅಂದರೆ ಡಿಸ್ಕಿನ ಕನೆಕ್ಟರಿನಿಂದ, ಯುಎಸ್‌ಬಿಗೆ ಹೋಗುವ ಒಂದು ಕೇಬಲ್ ತಂದು ಹಳೇ ಡಿಸ್ಕನ್ನು ಪೆನ್‌ಡ್ರೈವ್ ಥರ ಚುಚ್ಚಿದರೆ ಫೈಲುಗಳು ಕಾಣುತ್ತವೆ. ಡೆಸ್ಕ್‌ಟಾಪಿನ ದೊಡ್ಡ ಡಿಸ್ಕಿಗೆ ಬೇರೆ ಪವರ್ ಅಡಾಪ್ಟರ್ ಇರುವ ಕೇಬಲೇ ಬೇಕು.

ಡಿಸ್ಕ್ ಚುಚ್ಚಿದಾಗ ‘ಫಾರ್ಮ್ಯಾಟ್ ಮಾಡಬೇಕೇ’ ಎಂಬ ಪೆಟ್ಟಿಗೆ ಎದ್ದರೆ ಕ್ಯಾನ್ಸಲ್ ಒತ್ತಿ. ಡಿ ಡ್ರೈವ್ ಕಾಣದಿದ್ದರೆ ವಿಂಡೋಸಿನಲ್ಲೇ ಇರುವ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ನೋಡಿ. ಕೆಲವೊಮ್ಮೆ ಡ್ರೈವ್ ನೆಟ್ಟಗಿದ್ದು ಅದಕ್ಕೆ ಅಕ್ಷರ ಮಾತ್ರ ಸಿಕ್ಕಿರುವುದಿಲ್ಲ.

ವಿಂಡೋಸ್ ಓಲ್ಡ್: ಹತ್ತೇ ದಿನ

ಫಾರ್ಮ್ಯಾಟ್ ಮಾಡದೆ ಮೇಲೆ ಹಾಕಿದ್ದರೆ ಹಳೆಯದೆಲ್ಲ ಸಿ ಡ್ರೈವಿನ ‘ವಿಂಡೋಸ್ ಡಾಟ್ ಓಲ್ಡ್’ ಫೋಲ್ಡರಿನಲ್ಲಿ ಇರುತ್ತದೆ. ಅದರೊಳಗೆ ಯೂಸರ್ಸ್, ಅದರೊಳಗೆ ನಿಮ್ಮ ಹೆಸರು. ಅನುಮತಿ ಕೇಳಿದರೆ ಕಂಟಿನ್ಯೂ ಒತ್ತಿ. ವಿಂಡೋಸ್ ಈ ಫೋಲ್ಡರನ್ನು ಸಾಮಾನ್ಯವಾಗಿ 10 ದಿನಕ್ಕೆ ತಾನೇ ಅಳಿಸಿಹಾಕುತ್ತದೆ. ಆದ್ದರಿಂದ ನಾಳೆ ನೋಡೋಣ ಎನ್ನದೆ ಇವತ್ತೇ ಹೊರಗಿನ ಡಿಸ್ಕಿಗೆ ಕಾಪಿ ಮಾಡಿ. ಜಾಗ ಖಾಲಿ ಮಾಡುವ ಡಿಸ್ಕ್ ಕ್ಲೀನಪ್ ಅಂತೂ ಮುಟ್ಟಲೇಬೇಡಿ.

ಲೆಕ್ಕಪತ್ರ ಬರೆಯುವವರು ಎಡವುವುದು ಇಲ್ಲೇ. ತಮ್ಮ ಹೆಸರಿನ ಫೋಲ್ಡರ್ ಪೂರ್ತಿ ಕಾಪಿ ಮಾಡಿರುತ್ತಾರೆ, ಟ್ಯಾಲಿ ತೆರೆದರೆ ಕಂಪನಿಯೇ ಇಲ್ಲ. ಟ್ಯಾಲಿಯ ಡೇಟಾ ಬಹಳ ಕಡೆ ಇರುವುದು ಪಕ್ಕದ ‘ಪಬ್ಲಿಕ್’ ಫೋಲ್ಡರಿನಲ್ಲಿ. ಅಲ್ಲಿ ಟ್ಯಾಲಿ ಹೆಸರಿನ ಫೋಲ್ಡರ್, ಒಳಗೆ ಡೇಟಾ, ಅದರೊಳಗೆ 10000 ಥರದ ಬರೀ ಅಂಕಿಯ ಹೆಸರಿನ ಫೋಲ್ಡರುಗಳು. ಆ ಒಂದೊಂದು ಅಂಕಿಯೂ ಒಂದೊಂದು ಕಂಪನಿಯ ಪೂರಾ ಲೆಕ್ಕ. ಏನೋ ಕಸ ಎಂದು ಬಿಟ್ಟುಬರಬೇಡಿ.

ಹಳೇ ಡ್ರೈವಿಗೆ ಬಿಟ್‌ಲಾಕರ್ ಬೀಗ ಬಿದ್ದಿದ್ದರೆ 48 ಅಂಕಿಯ ರಿಕವರಿ ಕೀ ಬೇಕು. ಮೈಕ್ರೋಸಾಫ್ಟ್ ಖಾತೆಯ ಡಿವೈಸ್ ಪಟ್ಟಿಯಲ್ಲಿ ಹುಡುಕಿ; ಆಫೀಸಿನ ಲ್ಯಾಪ್‌ಟಾಪ್ ಆದರೆ ಅಲ್ಲಿನ ಐಟಿಯವರ ಹತ್ತಿರ ಇರಬಹುದು. ಕೀ ಇಲ್ಲದೆ ಆ ಬೀಗ ಒಡೆದುಕೊಡುತ್ತೇವೆ ಎನ್ನುವವರಿಗೆ ದುಡ್ಡು ಕೊಡಬೇಡಿ.

ಫಾರ್ಮ್ಯಾಟ್ ಆಗಿಯೇ ಹೋಗಿದ್ದರೆ

ಎಸ್‌ಎಸ್‌ಡಿ ಇರುವವರಿಗೆ ಕಷ್ಟದ ಮಾತನ್ನು ಮೊದಲೇ ಹೇಳಬೇಕು. ಫಾರ್ಮ್ಯಾಟ್ ಮಾಡಿದಾಗ ವಿಂಡೋಸ್ ‘ಟ್ರಿಮ್’ ಎಂಬ ಆದೇಶ ಕಳಿಸುತ್ತದೆ, ಎಸ್‌ಎಸ್‌ಡಿ ಆ ಜಾಗವನ್ನು ತಾನೇ ಖಾಲಿ ಮಾಡಿಕೊಳ್ಳುತ್ತದೆ. ಹಾಗೆ ಹೋದದ್ದು ಯಾವ ಸಾಫ್ಟ್‌ವೇರಿಗೂ ಸಿಗುವುದು ತೀರಾ ಅಪರೂಪ. ತಿರುಗುವ ಹಾರ್ಡ್ ಡಿಸ್ಕಿನಲ್ಲಿ ಮಾತ್ರ ಆಸೆ ಇಟ್ಟುಕೊಳ್ಳಬಹುದು.

ಡಿಸ್ಕನ್ನು ಬಿಚ್ಚಿ ಬೇರೆ ಕಂಪ್ಯೂಟರಿಗೆ ಕೊಡಿ. ಅದಾಗದಿದ್ದರೆ ಲಿನಕ್ಸ್ ಇರುವ ಪೆನ್‌ಡ್ರೈವಿನಿಂದ ಬೂಟ್ ಮಾಡಿ, ಇನ್‌ಸ್ಟಾಲ್ ಒತ್ತದೆ ಹಾಗೇ ಬಳಸಿ. ಮೊದಲ ಕೆಲಸ ಇಡೀ ಡಿಸ್ಕಿನ ಇಮೇಜ್, ಅಂದರೆ ತದ್ರೂಪು ಪ್ರತಿ, ಬೇರೆ ಡಿಸ್ಕಿಗೆ ತೆಗೆಯುವುದು. ಡಿಡಿರೆಸ್ಕ್ಯೂ ಎಂಬ ಲಿನಕ್ಸ್ ಸಾಫ್ಟ್‌ವೇರ್ ಇದಕ್ಕೆ ಒಳ್ಳೆಯದು. ಸೆಕೆಂಡಿಗೆ 100 ಎಂಬಿ ಓದಿದರೂ 1 ಟಿಬಿ ಡಿಸ್ಕಿಗೆ ಮೂರು ಗಂಟೆ ಹತ್ತಿರ ಬೇಕು, ಹಳೇ ಯುಎಸ್‌ಬಿ 2 ಆದರೆ ಒಂದು ರಾತ್ರಿಯೇ. ಕರೆಂಟ್ ಹೋದರೂ ನಿಲ್ಲದಂತೆ ಯುಪಿಎಸ್‌ಗೆ ಹಾಕಿಡಿ. ಆಮೇಲೆ ಹುಡುಕುವುದೆಲ್ಲ ಆ ಇಮೇಜಿನ ಮೇಲೆ ನಡೆಯಲಿ, ಮೂಲ ಡಿಸ್ಕ್ ಎತ್ತಿಡಿ.

ಹುಡುಕಲು ಫ್ರಾನ್ಸಿನ ಕ್ರಿಸ್ಟೋಫ್ ಗ್ರೆನಿಯೆ ಬರೆದ ಎರಡು ಉಚಿತ ಸಾಫ್ಟ್‌ವೇರ್‌ಗಳಿವೆ. ಪಾರ್ಟಿಷನ್ನೇ ಅಳಿದಿದ್ದರೆ, ಅಂದರೆ ಇನ್‌ಸ್ಟಾಲ್ ಮಾಡುವಾಗ ಡಿ ಡ್ರೈವ್ ಡಿಲೀಟ್ ಆಗಿದ್ದರೆ, ಟೆಸ್ಟ್‌ಡಿಸ್ಕ್. ಅನಲೈಸ್, ಆಮೇಲೆ ಕ್ವಿಕ್ ಸರ್ಚ್ ಕೊಟ್ಟರೆ ಹಳೇ ಪಾರ್ಟಿಷನ್ ಪಟ್ಟಿಗೆ ಬರುತ್ತದೆ. ಅದರ ಮೇಲೆ ನಿಂತು ಪಿ ಒತ್ತಿ. ನಿಮ್ಮ ಫೋಲ್ಡರುಗಳ ಹೆಸರು ಕಂಡರೆ ಸಿ ಒತ್ತಿ ಬೇರೆ ಡಿಸ್ಕಿಗೆ ಕಾಪಿ ಮಾಡಿ. ಕಾಪಿ ಮುಗಿಯುವ ತನಕ ‘ರೈಟ್’ ಎಂಬ ಆಯ್ಕೆಯ ಹತ್ತಿರ ಹೋಗಬೇಡಿ, ಅದು ಡಿಸ್ಕಿನ ಮೇಲೇ ಬರೆಯುತ್ತದೆ.

ಪಟ್ಟಿಯೂ ಸಿಗದಿದ್ದರೆ ಫೋಟೋರೆಕ್. ಇದು ಪ್ರತಿ ಫೈಲಿನ ಆರಂಭದ ಗುರುತು ನೋಡಿ ಎತ್ತಿ ತರುತ್ತದೆ, ಹಾಗಾಗಿ ಹೆಸರು, ಫೋಲ್ಡರ್ ಉಳಿಯುವುದಿಲ್ಲ. ಬಹುಪಾಲಿಗೆ ಎಫ್ ಎಂದು ಶುರುವಾಗುವ ನಂಬರೇ ಹೆಸರು. ಫೋಟೋಗಳನ್ನು ಒಳಗಿರುವ ತೆಗೆದ ದಿನಾಂಕದ ಮೇಲೆ ಜೋಡಿಸಿಕೊಂಡರೆ ಮದುವೆ ಬೇರೆ, ಗೃಹಪ್ರವೇಶ ಬೇರೆ ಎಂದು ತಾನಾಗಿ ವಿಂಗಡವಾಗುತ್ತದೆ. ವಿಡಿಯೋ ಮಾತ್ರ ಡಿಸ್ಕಿನಲ್ಲಿ ಚೂರುಚೂರಾಗಿ ಹರಡಿದ್ದರೆ ಅರ್ಧಕ್ಕೆ ನಿಲ್ಲುತ್ತದೆ. ಅದಕ್ಕೇ ಬಂದ ಫೈಲುಗಳ ಎಣಿಕೆ ನೋಡಿ ಸಮಾಧಾನಪಡದೆ ಮುಖ್ಯವಾದದ್ದನ್ನು ಒಂದೊಂದೇ ತೆರೆದು ನೋಡಿ.

ನುಡಿ ಫೈಲ್ ಕೆಟ್ಟಿಲ್ಲ

ಮೈಸೂರಿನ ಡಿಟಿಪಿ ಅಂಗಡಿ, ವಕೀಲರ ಕಚೇರಿಗಳಿಗೆ ಇದು ಮುಖ್ಯ. ಫೈಲ್ ಸಿಕ್ಕಿದೆ, ತೆರೆದರೆ ಕನ್ನಡದ ಬದಲು ತಲೆಮೇಲೆ ಗೆರೆ, ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳ ರಾಶಿ. ವೈರಸ್ ಎಂದುಕೊಂಡು ಡಿಲೀಟ್ ಮಾಡುತ್ತಾರೆ, ಹೊಟ್ಟೆ ಉರಿಯುತ್ತದೆ. ಕನ್ನಡ ಗಣಕ ಪರಿಷತ್ತಿನ ‘ನುಡಿ’, ಇಲ್ಲವೇ ‘ಬರಹ’ ಎಂಬ ಟೈಪಿಂಗ್ ಸಾಫ್ಟ್‌ವೇರಿನಲ್ಲಿ ಯೂನಿಕೋಡ್ (ಎಲ್ಲ ಕಂಪ್ಯೂಟರುಗಳೂ ಒಂದೇ ಥರ ಓದುವ ಅಕ್ಷರ ಸಂಕೇತ) ಅಲ್ಲದ ಫಾಂಟ್ ಬಳಸಿ ಟೈಪ್ ಮಾಡಿದ ದಾಖಲೆಗೆ ಆ ಫಾಂಟೇ ಜೀವ. ಹೊಸ ಓಎಸ್‌ನಲ್ಲಿ ಅದಿಲ್ಲ, ಅಷ್ಟೆ. ವರ್ಡಿನಲ್ಲಿ ಅಕ್ಷರಗಳ ಮೇಲೆ ಕರ್ಸರ್ ಇಟ್ಟು ಮೇಲಿನ ಫಾಂಟ್ ಪೆಟ್ಟಿಗೆ ನೋಡಿ. ‘ನುಡಿ 01 ಇ’ ಎಂಬಂಥ ಹೆಸರು ಇನ್ನೂ ಅಲ್ಲಿರುತ್ತದೆ. ಆ ಫಾಂಟ್ ಹಾಕಿ ಫೈಲನ್ನು ಮತ್ತೆ ತೆರೆದರೆ ಕ್ರಯಪತ್ರ ಕ್ರಯಪತ್ರವಾಗಿಯೇ ಕಾಣುತ್ತದೆ. ಯೂನಿಕೋಡಿಗೆ ಬದಲಾಯಿಸುವುದಿದ್ದರೆ ಅದರ ಪ್ರತಿಯ ಮೇಲೆ ಮಾಡಿ. ಇಂಥ ಫೈಲುಗಳೊಳಗೆ ಯೂನಿಕೋಡ್ ಕನ್ನಡ ಪದ ಕೊಟ್ಟು ಹುಡುಕಿದರೆ ಏನೂ ಸಿಗದು. ಕೇಸ್ ನಂಬರ್, ಸರ್ವೆ ನಂಬರ್ ಕೊಟ್ಟು ಹುಡುಕಿ.

ಡಿಸ್ಕ್ ಟಕ್ ಟಕ್ ಎನ್ನುತ್ತಿದ್ದರೆ

ಹಾಗಾದರೆ ಮೇಲೆ ಹೇಳಿದ ಯಾವುದನ್ನೂ ಮಾಡಬೇಡಿ. ಓದುವ ಹೆಡ್ ಕೆಟ್ಟಿರುವ ಲಕ್ಷಣ ಅದು, ಓಡಿಸಿದಷ್ಟೂ ಡಿಸ್ಕಿನ ತಟ್ಟೆ ಗೀರುತ್ತದೆ. ಕರೆಂಟ್ ತೆಗೆದು ಡೇಟಾ ರಿಕವರಿ ಲ್ಯಾಬಿಗೇ ಕೊಡಿ. ಎಷ್ಟಾಗುತ್ತದೆ ಎಂದು ಬರವಣಿಗೆಯಲ್ಲಿ ಪಡೆಯಿರಿ, ಸಿಕ್ಕ ಫೈಲುಗಳ ಪಟ್ಟಿ ತೋರಿಸಿದ ಮೇಲೆ ಉಳಿದ ಹಣ ಎಂದು ಮೊದಲೇ ಮಾತಾಡಿಕೊಳ್ಳಿ, ಡಿಸ್ಕಿನ ಸೀರಿಯಲ್ ನಂಬರನ್ನು ರಸೀದಿಯಲ್ಲಿ ಬರೆಸಿಕೊಳ್ಳಿ.