ಮಳೆಯ ಲೆಕ್ಕದಲ್ಲಿ ಸೌದೆ ಒಟ್ಟಿ

ಮೇ ತಿಂಗಳ ಕೊನೆಗೆ ಒಂದು ಲೋಡು ಹಸಿ ಅಕೇಶಿಯಾ ತರಿಸಿ, ಅಂಗಳದ ಮೂಲೆಯಲ್ಲಿ ಸುರಿಸಿ, ಮೇಲೊಂದು ನೀಲಿ ಟಾರ್ಪಾಲು ಹೊದಿಸಿ ಕೈತೊಳೆದುಕೊಳ್ಳುವುದು ನಮ್ಮ ಕೊಪ್ಪ, ಶೃಂಗೇರಿ ಕಡೆಯ ಎಳೆಯ ಸಂಸಾರಗಳಲ್ಲಿ ಈಗ ರೂಢಿಯಾಗಿಬಿಟ್ಟಿದೆ. ಆರಿದ್ರಾ ಮಳೆ ಹಿಡಿಯುವ ಹೊತ್ತಿಗೆ ಟಾರ್ಪಾಲಿನ ಒಳಗೆಲ್ಲ ನೀರು ಬೆವರಿ ಸೌದೆಗೆ ಬೂಷ್ಟು ಹಿಡಿದಿರುತ್ತದೆ. ಬಚ್ಚಲೊಲೆ ಬರೀ ಹೊಗೆ ಕಾರುತ್ತದೆ, ಹಂಡೆಯ ನೀರು ಉಗುರುಬೆಚ್ಚಗೂ ಆಗುವುದಿಲ್ಲ. ಆಗ ನನಗೆ ಫೋನು ಮಾಡಿ, "ದೊಡ್ಡಮ್ಮ, ಒಲೆ ಕಟ್ಟಿದವನೇ ಏನೋ ತಪ್ಪು ಮಾಡಿದ್ದಾನೆ" ಎನ್ನುತ್ತಾರೆ. ಒಲೆ ಕಟ್ಟಿದವನು ಏನೂ ತಪ್ಪು ಮಾಡಿಲ್ಲ. ಸಂಕ್ರಾಂತಿ ಕಳೆಯುತ್ತಲೇ ಹಿಡಿಯಬೇಕಾದ ಕೆಲಸವನ್ನು ರೋಹಿಣಿ ಮಳೆಯವರೆಗೆ ತಳ್ಳಿಕೊಂಡು ಬಂದವರು ನೀವು.

ಹಸಿ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ. ಹಸಿ ಸೌದೆಗೆ ಬೆಂಕಿ ಇಟ್ಟರೆ ಆ ಬೆಂಕಿ ಮೊದಲು ಮರದೊಳಗಿನ ನೀರನ್ನು ಕುದಿಸಿ ಓಡಿಸಬೇಕು, ಮಿಕ್ಕ ಕಾವಿನಲ್ಲಿ ನಿಮ್ಮ ಹಂಡೆ ಕಾಯಬೇಕು. ಒಣಗಿದ ಸೌದೆ ಒಂದು ಹೊರೆಯಲ್ಲಿ ಮಾಡುವ ಕೆಲಸಕ್ಕೆ ಹಸಿಯದು ಎರಡು ಹೊರೆಯಾದರೂ ಸಾಲುವುದಿಲ್ಲ. ದುಡ್ಡೂ ಹೋಯಿತು, ಕಣ್ಣೂ ಹೋಯಿತು.

ಸೌದೆಗೆಂದು ನಿಂತ ಮರ ಕಡಿಯಲು ಹೊರಡಬೇಡಿ. ಕಾಫಿ ಕೊಯ್ಲು ಮುಗಿದು ನೆರಳಿನ ಮರಗಳ ಕೊಂಬೆ ಸವರುವ ಮರಗಸಿ ಮಾಡಿಸಿದಾಗ ಬೀಳುವ ಕೊಂಬೆ, ಮುದಿಗಿಡ ಕಿತ್ತಾಗ ಸಿಗುವ ಕಾಫಿ ಬೊಡ್ಡೆ, ಹಿಂದಿನ ಮಳೆಗಾಲದ ಗಾಳಿಗೆ ತೋಟದಲ್ಲೇ ಉರುಳಿದ್ದು, ತೆಂಗಿನ ಮಟ್ಟೆ, ಕರಟ, ಇಷ್ಟರಲ್ಲೇ ಒಂದು ಮನೆಯ ಮಳೆಗಾಲ ಕಳೆಯುತ್ತದೆ. ಸ್ವಂತ ಜಮೀನಿನ ಮರವಾದರೂ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕೆಂದು 1976ರ ಮರ ಸಂರಕ್ಷಣಾ ಕಾಯ್ದೆಯೇ ಹೇಳುತ್ತದೆ. ಸಿಲ್ವರ್ ಓಕ್, ನೀಲಗಿರಿ, ಗಾಳಿಮರ, ಹಾಲವಾಣ, ಗ್ಲಿರಿಸಿಡಿಯಾದಂಥ ಕೆಲವಕ್ಕೆ ಮಾತ್ರ ವಿನಾಯಿತಿ. ಇನ್ನೊಂದು ಮಾತು: ಹೊಳೆಗೇರಿನ ಕೊಂಬೆಯನ್ನು ಗುರುತು ಹಿಡಿಯಲು ಬಾರದವರು ಬಲ್ಲವರನ್ನು ಜೊತೆಗೆ ಕರೆದುಕೊಂಡೇ ಹೋಗಿ. ಅದರ ಸೊನೆ ತಾಗಿದರೆ ಮೈಯೆಲ್ಲ ಗುಳ್ಳೆ ಏಳುತ್ತದೆ. ಕಪ್ಪು ಸೊನೆ ಒಸರಿದ್ದು ಕಂಡರೆ ಅದನ್ನು ಬಿಟ್ಟು ಮುಂದೆ ನಡೆಯಿರಿ.

ಸೀಳುವ ವಿಚಾರ ಬಹಳ ಹೇಳುವುದಿಲ್ಲ, ಕೈಗೆ ಅಭ್ಯಾಸವಾದರೆ ತಾನೇ ಬರುತ್ತದೆ. ತುಂಡು ನಿಮ್ಮ ಒಲೆಯ ಉದ್ದಕ್ಕೆ ತಕ್ಕ ಹಾಗಿರಲಿ, ಒಂದೂವರೆ ಮೊಳ ಮೀರುವುದು ಬೇಡ. ಕವಲಿರುವ ತುಂಡಾದರೆ ಕವಲನ್ನು ಕೆಳಗೆ ಮಾಡಿ ನಿಲ್ಲಿಸಿ. ನೆತ್ತಿಯಲ್ಲಿ ಬಿಸಿಲಿಗೆ ಬಿರಿದ ಗೆರೆ ಇರುತ್ತದಲ್ಲ, ಅದರ ಮೇಲೇ ಏಟು ಬೀಳಲಿ. ಮರವೇ ದಾರಿ ತೋರಿಸುತ್ತಿರುವಾಗ ನಟ್ಟನಡುವೆ ಗುದ್ದುವ ಹಟವೇಕೆ? ನೀಲಗಿರಿಯ ನಾರು ತಿರುಚಿಕೊಂಡಿರುವುದರಿಂದ ಅದನ್ನು ಹಸಿಯಲ್ಲೇ ಸೀಳಿ ಮುಗಿಸಬೇಕು. ಒಣಗಿದ ಮೇಲೆ ಕೊಡಲಿ ಪುಟಿದು ನಿಮ್ಮ ಮೊಣಕಾಲಿಗೇ ಬಂದೀತು. ಬೇಸಿಗೆಯಲ್ಲಿ ಕೊಡಲಿಯ ಕಾವು ಒಣಗಿ ಸಡಿಲವಾಗುತ್ತದೆ. ಹಿಂದಿನ ರಾತ್ರಿ ನೀರಿನ ಬಕೆಟ್ಟಿನಲ್ಲಿ ತಲೆಕೆಳಗಾಗಿ ಇಟ್ಟು ಬೆಳಿಗ್ಗೆ ಅಲ್ಲಾಡಿಸಿ ನೋಡಿ, ಆಮೇಲೆ ಎತ್ತಿ. ಹವಾಯಿ ಚಪ್ಪಲಿ ಹಾಕಿಕೊಂಡು ಸೌದೆ ಒಡೆಯುವವರನ್ನು ಕಂಡರೆ ನನ್ನ ಮೈ ಉರಿಯುತ್ತದೆ.

ಎಲ್ಲರೂ ಎಡವುವುದು ಇದಾದ ಮೇಲೆಯೇ. ಒಡೆದದ್ದನ್ನು ಬುಟ್ಟಿಯಲ್ಲಿ ತುಂಬಿ ತಂದು ಕೊಟ್ಟಿಗೆಯೊಳಗೆ ಸುರಿದರೆ ಅದು ಸೌದೆ ಒಟ್ಟಿದ ಹಾಗಾಗಲಿಲ್ಲ. ನಮ್ಮ ಅತ್ತೆ ಸೌದೆಯನ್ನು ಮಳೆ ನಕ್ಷತ್ರದ ಲೆಕ್ಕದಲ್ಲಿ, ಅಂದರೆ ಯಾವ ಮಳೆಗೆ ಯಾವ ಸೌದೆ ಎಂದು ಸಾಲು ಮಾಡಿ, ಒಟ್ಟುತ್ತಿದ್ದರು. ನಾನೂ ಹಾಗೆಯೇ ಒಟ್ಟುತ್ತೇನೆ, ಬೇರೆ ಯಾವ ಕ್ರಮವನ್ನೂ ಒಪ್ಪುವುದಿಲ್ಲ.

ಮೊದಲು ಸೀಳುಗಳನ್ನು ಮೂರು ಮೂರರಂತೆ ತಲೆಗೆ ತಲೆ ಆನಿಸಿ ಬಯಲಲ್ಲಿ ನಿಲ್ಲಿಸಿ, ಒಡೆದ ಮೈ ಬಿಸಿಲಿಗೆ ಇರಲಿ. ಶಿವರಾತ್ರಿ, ಯುಗಾದಿ ಎರಡೂ ಕಳೆಯುವವರೆಗೆ ಆ ಬಿಸಿಲು ಕುಡಿಯಲಿ. ಭರಣಿ ಮಳೆಯ ಗುಡುಗು ಶುರುವಾಗುವ ಮೊದಲೇ ಒಳಗೆ ತರಬೇಕು. ಅದೂ ಮಧ್ಯಾಹ್ನ, ಸೌದೆ ಕೈಗೆ ಬಿಸಿ ತಾಗುತ್ತಿರುವಾಗಲೇ ತರಬೇಕು. ಸಂಜೆ ಇಬ್ಬನಿ ಬಿದ್ದ ಮೇಲೆ ತಂದರೆ ಆ ತೇವವನ್ನೂ ಜೊತೆಗೇ ಒಳಗೆ ತಂದ ಹಾಗೆ.

ಕೊಟ್ಟಿಗೆಯ ನೆಲಕ್ಕೆ ಹಿಂದಿನ ವರ್ಷದ ಬೂದಿಯನ್ನು ಕೈತುಂಬ ಎರಚಿ, ಅದರ ಮೇಲೆ ಜಂಬಿಟ್ಟಿಗೆ ಕಲ್ಲಿಟ್ಟು, ಕಲ್ಲಿನ ಮೇಲೆ ಅಡಿಕೆ ಮರ ಸೀಳಿದ ದಬ್ಬೆ ಹಾಸಿ. ಸೌದೆ ನೆಲ ಮುಟ್ಟಿದರೆ ಗೆದ್ದಲಿಗೆ ಔತಣ ಕೊಟ್ಟಂತೆ. ಗೋಡೆಗೂ ಸೌದೆಗೂ ನಡುವೆ ಒಂದು ಗೇಣು ಬಿಡಿ. ಮೊದಲ ಸಾಲು ಹಿಂಗೋಡೆಯ ಕಡೆಗೆ. ಅದು ಆಶ್ಲೇಷಾ, ಮಘಾ ಮಳೆಯ ಸಾಲು. ಅಲ್ಲಿಗೆ ಹೋಗಬೇಕಾದದ್ದು ದಪ್ಪ ಸೀಳು, ಗಂಟಿನ ತುಂಡು, ಸಿಪ್ಪೆ ಬಿಡದ ಗಟ್ಟಿ ಜಾತಿ. ಎರಡು ತಿಂಗಳ ಥಂಡಿಗಾಳಿಯನ್ನು ತಡೆದುಕೊಳ್ಳುವ ಶಕ್ತಿ ಅವಕ್ಕೆ ಮಾತ್ರ ಇರುತ್ತದೆ. ಅದರ ಮುಂದೆ, ಒಂದು ಮುಷ್ಟಿಯಷ್ಟು ಜಾಗ ಬಿಟ್ಟು, ಪುನರ್ವಸು ಮತ್ತು ಪುಷ್ಯದ ಸಾಲು. ಜುಲೈ ತಿಂಗಳಿಡೀ ಬಿಸಿಲಿನ ಮುಖ ಕಾಣದ ದಿನಗಳವು, ಒಗೆದ ಬಟ್ಟೆಯೂ ಒಲೆಯ ಕಾವಿನಲ್ಲೇ ಒಣಗಬೇಕು. ಆದ್ದರಿಂದ ಇದ್ದುದರಲ್ಲಿ ಅತ್ಯುತ್ತಮವಾದದ್ದು, ಮತ್ತಿ ಮರದ ಗಟ್ಟಿ ತಿರುಳಾದ ಚೇಗು, ಕಾಫಿ ಬೊಡ್ಡೆ, ಎಲ್ಲ ಈ ಸಾಲಿಗೆ. ಬಾಗಿಲ ಹತ್ತಿರದ ಸಾಲು ಮೃಗಶಿರಾ, ಆರಿದ್ರೆಗೆ. ಹಾಲವಾಣ, ಸಿಲ್ವರ್ ಓಕ್, ಸಣ್ಣ ಕೊಂಬೆ ಇಲ್ಲಿರಲಿ. ಈ ಹಗುರ ಸೌದೆ ಥಂಡಿಯನ್ನು ಬೇಗ ಹೀರುತ್ತದೆ, ಕುಟ್ಟೆ ಹುಳುವೂ ಮೊದಲು ಇದಕ್ಕೇ ಬೀಳುತ್ತದೆ. ಹಾಗಾಗಿ ಮೊದಲು ಉರಿದು ಮುಗಿಯಬೇಕಾದದ್ದು ಇದೇ. ಈಗಿನವರು ಕಾಫಿ ಬೊಡ್ಡೆಯನ್ನು ಮೃಗಶಿರೆಯಲ್ಲೇ ಖುಷಿಯಿಂದ ಉರಿಸಿ, ಪುಷ್ಯದಲ್ಲಿ ಹಾಲವಾಣದ ಒದ್ದೆ ತುಂಡಿಗೆ ಊದುಗೊಳವೆ ಹಿಡಿದು ಕೂರುತ್ತಾರೆ.

ಒಟ್ಟುವಾಗ ಒಂದು ಸೀಳಿನ ಬುಡ ನಿಮ್ಮ ಕಡೆಗಿದ್ದರೆ ಪಕ್ಕದ್ದರ ತುದಿ ನಿಮ್ಮ ಕಡೆಗಿರಲಿ. ಇಲ್ಲದಿದ್ದರೆ ಎದೆಮಟ್ಟಕ್ಕೆ ಬರುವಷ್ಟರಲ್ಲಿ ಸಾಲು ಒಂದು ಕಡೆಗೆ ವಾಲುತ್ತದೆ. ಸಾಲಿನ ಎರಡೂ ಕೊನೆಯಲ್ಲಿ ಒಂದು ವರಸೆ ಅಡ್ಡ, ಒಂದು ವರಸೆ ಉದ್ದ ಇಟ್ಟು ಕಂಬದಂತೆ ಏರಿಸಿಕೊಂಡು ಹೋಗಿ. ಗೂಟ ಬೇಡ, ಹಗ್ಗ ಬೇಡ. ಬಿಗಿಯಾಗಿ ತುರುಕಬೇಡಿ, ನಡುವೆ ಗಾಳಿ ಆಡಬೇಕು. ಸಿಪ್ಪೆಯ ಮೈ ಕೆಳಗಿರಲಿ, ಕಟ್ಟಕಡೆಯ ವರಸೆಯದು ಮಾತ್ರ ಮೇಲಿರಲಿ, ಮಾಡು ಸೋರಿದರೂ ನೀರು ಜಾರಿಹೋಗುತ್ತದೆ. ಮಳೆಗಾಲದಲ್ಲಿ ಸೌದೆ ತೆಗೆಯುವಾಗ ಮೊದಲು ಕೋಲಿನಿಂದ ಎರಡು ಸಲ ಬಡಿಯಿರಿ. ಚೇಳಿಗೂ ಮಂಡಲದ ಹಾವಿಗೂ ಬೆಚ್ಚನೆಯ ಜಾಗವೇ ಬೇಕು.

ಈ ಮೂರು ಸಾಲುಗಳಲ್ಲದೆ ಅತ್ತೆ ಬೇರೊಂದು ಸಣ್ಣ ಒಟ್ಟಿಲು ಇಡುತ್ತಿದ್ದರು. ಅದನ್ನು ಮುಟ್ಟುವ ಅಧಿಕಾರ ಮಾವನವರಿಗೂ ಇರಲಿಲ್ಲ. ಮನೆಯ ಹೆಣ್ಣುಮಕ್ಕಳು ಬಾಣಂತನಕ್ಕೆ ಬರುವ ವರ್ಷ ಅವರ ನೀರಿಗೆಂದೇ ಮೀಸಲಾದ ಸೌದೆ ಅದು. ಎಲ್ಲ ಹೆಬ್ಬೆರಳು ದಪ್ಪದ ಸಮ ಸೀಳು, ಒಂದರಲ್ಲೂ ಗಂಟಿಲ್ಲ. ನನ್ನ ಮೊದಲ ಮಗು ಆಶ್ಲೇಷಾ ಮಳೆಯಲ್ಲಿ ಹುಟ್ಟಿದಾಗ ಆ ಸೌದೆಯ ಬೆಂಕಿ ಒಂದು ದಿನವೂ ಹೊಗೆಯಾಡಲಿಲ್ಲ. ಮಗುವಿನ ಬಟ್ಟೆಗಳನ್ನು ಒಲೆಯ ಮೇಲಿನ ಅಟ್ಟದಲ್ಲಿ ಹರಡಿ, ಒಣಗಿದ್ದನ್ನು ತನ್ನ ಕೆನ್ನೆಗೆ ಒತ್ತಿ ನೋಡಿಯೇ ಅತ್ತೆ ನನ್ನ ಕೈಗೆ ಕೊಡುತ್ತಿದ್ದರು.

ಒಣಗಿದೆಯೋ ಇಲ್ಲವೋ ಎಂದು ತಿಳಿಯಲು ಯಂತ್ರ ಬೇಡ. ಎರಡು ಸೀಳು ತೆಗೆದು ಒಂದಕ್ಕೊಂದು ಹೊಡೆಯಿರಿ. ಟಣ್ ಎಂದರೆ ಒಣಗಿದೆ, ದಬ್ ಎಂದರೆ ಇನ್ನೂ ಇಲ್ಲ.

ಹಂಡೆಯ ಮಾತು ಬಂತೆಂದು ಹೇಳುತ್ತೇನೆ. ಮಸಿ ಹಿಡಿದ ಪಾತ್ರೆಯನ್ನು ಕಬ್ಬಿಣದ ನಾರಿನಿಂದ ಗೀಚಿ ಗೀಚಿ ಹಾಳುಮಾಡಬೇಡಿ. ಒಲೆಗೆ ಏರಿಸುವ ಮೊದಲೇ ಹೊರಮೈಗೆ ಬೂದಿ ಕಲಸಿ ಬಳಿದರೆ ಮಸಿ ಅದರ ಮೇಲೆ ಕೂರುತ್ತದೆ, ತೊಳೆದಾಗ ಬೂದಿಯ ಜೊತೆಗೇ ಬಿಟ್ಟು ಬರುತ್ತದೆ. ತಾಮ್ರದ ಹಂಡೆಯ ಕಂಠಕ್ಕೆ ಹುಣಸೆಹುಳಿ ಸಾಕು. ನೀರು ತುಂಬುವ ಹಬ್ಬದ ದಿನ ಮಾತ್ರ ಹಂಡೆ ಹೊಳೆದರೆ ಆಯಿತೇ?

ಚಳಿಯೆಂದು ಕೆಂಡವನ್ನು ಬಾಣಲೆಯಲ್ಲಿ ತುಂಬಿಕೊಂಡು ಮಲಗುವ ಕೋಣೆಗೆ ಒಯ್ದು, ಕಿಟಕಿ ಬಾಗಿಲು ಬಿಗಿದು ಮಲಗುವವರಿದ್ದಾರೆ. ಇದೊಂದನ್ನು ಖಂಡಿತ ಮಾಡಬೇಡಿ. ಹೊಗೆ ಇಲ್ಲದ ಕೆಂಡದಿಂದಲೂ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ. ನಮ್ಮ ಹಳೆಯ ಮನೆಗಳಲ್ಲಿ ಅಗ್ಗಿಷ್ಟಿಕೆ ಇರುತ್ತಿದ್ದದ್ದು ಹೆಂಚಿನ ಸಂದಿಯಿಂದ ಗಾಳಿ ಆಡುವ ಜಗಲಿಯಲ್ಲಿ, ಅಡುಗೆಮನೆಯ ಮೂಲೆಯಲ್ಲಿ. ನಿಮ್ಮದು ತಾರಸಿ ಮನೆ. ಮೈ ಕಾಯಿಸಿಕೊಳ್ಳಬೇಕಿದ್ದರೆ ಬಚ್ಚಲೊಲೆಯ ಮುಂದೆ ಮಣೆ ಹಾಕಿಕೊಂಡು ಕುಳಿತು, ಆಮೇಲೆ ಕಂಬಳಿ ಹೊದ್ದು ಮಲಗಿ.

ಈ ವರ್ಷ ಈಗಾಗಲೇ ಹಸಿ ಸೌದೆ ತಂದು ಸುರಿಸಿಕೊಂಡಿದ್ದರೆ ಆ ಟಾರ್ಪಾಲನ್ನು ಮೊದಲು ಕಿತ್ತು ತೆಗೆಯಿರಿ. ಮೇಲೆ ಮಾಡಿನಂತೆ ಕಟ್ಟಿ, ನಾಲ್ಕೂ ಬದಿ ಗಾಳಿಗೆ ಬಿಡಿ. ದಪ್ಪ ತುಂಡುಗಳನ್ನು ಇನ್ನೊಮ್ಮೆ ಸೀಳಿ ಸಣ್ಣದು ಮಾಡಿ. ವಾರಕ್ಕೆ ಬೇಕಾದಷ್ಟನ್ನು ಒಲೆಯ ಮೇಲಿನ ಅಟ್ಟಕ್ಕೆ ಏರಿಸಿ, ಇಂದು ತೆಗೆದ ಜಾಗಕ್ಕೆ ಇಂದೇ ಹೊಸದನ್ನು ಇಡಿ. ಒಲೆಯ ಬಾಯಿಗೆ ತೀರ ಒತ್ತಿ ಒಣಗಿಸಬೇಡಿ, ರಾತ್ರಿ ಕಿಡಿ ಹಾರಿ ಹೊತ್ತಿಕೊಂಡೀತು. ಸೀಮೆಎಣ್ಣೆ ಸುರಿದು ಹೊತ್ತಿಸುವುದೂ ಬೇಡ, ಒಣಗಿದ ಅಡಿಕೆ ಹಾಳೆ ಒಂದು ಹಿಡಿ ಸಾಕು. ಜನವರಿಯಲ್ಲಿ ಕೊಡಲಿಯನ್ನು ಕುಲುಮೆಗೆ ಕೊಟ್ಟು ಹಣಿಸಿ ತನ್ನಿ.