ಎರಡು ಲೈಬ್ರರಿಗಳ ನಡುವೆ ಹನ್ನೆರಡು ಸಂಖ್ಯೆಗಳು

ಪುಣೆಯ ಹಳೆಯ ಪೇಟೆಯಲ್ಲಿ ಒಂದು ವಾಡೆಯನ್ನು ಲೇಸರ್ ಸ್ಕ್ಯಾನರ್‌ನಿಂದ ಅಳೆದಿದ್ದರು. ಆ ಅಳತೆಯಲ್ಲಿ ಸಿಕ್ಕ ಬಿಂದುಗಳಿಂದ ಗೋಡೆ, ಕಂಬ, ಮೆಟ್ಟಿಲುಗಳ ಮಾದರಿ ಕಟ್ಟುವ ಕೆಲಸ ನನ್ನ ಪಾಲಿಗೆ ಬಂತು. ಮ್ಯಾಟ್ರಿಕ್ಸ್, ಅಂದರೆ ಸಾಲುಸಾಲಾಗಿ ಜೋಡಿಸಿದ ಸಂಖ್ಯೆಗಳ ಕೋಷ್ಟಕದ ಲೆಕ್ಕಕ್ಕೆ ಐಗನ್, ಜ್ಯಾಮಿತಿಗೆ ಸಿಜಿಎಎಲ್. ಎರಡೂ ಸಿ ಪ್ಲಸ್ ಪ್ಲಸ್ ಭಾಷೆಯ ಲೈಬ್ರರಿಗಳೇ (ಸಿದ್ಧ ಕೋಡ್‌ನ ಸಂಗ್ರಹಗಳು), ನಡುವೆ ಹತ್ತು ಸಾಲು ಕೋಡ್ ಸಾಕು ಎಂದುಕೊಂಡೆ.

ಮೊದಲ ಸಲ ಓಡಿಸಿದಾಗ ವಾಡೆ ವಿರುದ್ಧ ದಿಕ್ಕಿಗೆ ತಿರುಗಿತು. ಸರಿಯಬೇಕಾದಲ್ಲಿಗೆ ಒಂದಿಂಚೂ ಸರಿಯಲಿಲ್ಲ. ಪಕ್ಕದ ಮೇಜಿನ ಧಾರವಾಡದ ಗೆಳೆಯ ಪರದೆ ನೋಡಿ, "ಸಂಖ್ಯೆಗಳನ್ನು ಯಾವ ಕ್ರಮದಲ್ಲಿ ಕೊಟ್ಟೆ? ಕಾಗದದ ಮೇಲೆ ಬರೆ" ಎಂದ. ಬರೆದೆ. ಬೇರೆ ಹೇಳದಿದ್ದರೆ ಐಗನ್ ಮ್ಯಾಟ್ರಿಕ್ಸನ್ನು ಮೆಮೊರಿಯಲ್ಲಿ ಕಂಬಸಾಲಿನ ಕ್ರಮದಲ್ಲಿ ಇಡುತ್ತದೆ. ತಿರುಗಿಸಿ ಸರಿಸುವ ಸಿಜಿಎಎಲ್‌ನ ರೂಪಾಂತರ 12 ಸಂಖ್ಯೆಗಳನ್ನು ಅಡ್ಡಸಾಲಿನ ಕ್ರಮದಲ್ಲಿ ಕೇಳುತ್ತದೆ. ನಾನು 4×4 ಮ್ಯಾಟ್ರಿಕ್ಸಿನ ಮೊದಲ 12ನ್ನು ಮೆಮೊರಿಯಿಂದ ಹಾಗೆಯೇ ಸುರಿದಿದ್ದೆ. ಅಡ್ಡಸಾಲು, ಕಂಬಸಾಲು ಅದಲುಬದಲಾಗಿ ಕೋನ ತಿರುವುಮುರುವಾಯಿತು. ಸ್ಥಳಾಂತರದ ಸಂಖ್ಯೆಗಳು ಶುರುವಾಗುವುದೇ 13ನೆಯದರಿಂದ. ಅವು ದಾಟಲೇ ಇಲ್ಲ, ಅವುಗಳ ಜಾಗದಲ್ಲಿ ಸೊನ್ನೆಗಳು ಕುಳಿತಿದ್ದವು. ಈಗ ಒಂದೊಂದು ಸಂಖ್ಯೆಯನ್ನೂ ಅದರ ಅಡ್ಡಸಾಲು, ಕಂಬಸಾಲು ಹೆಸರಿಸಿಯೇ ಎತ್ತಿ ಕೊಡುತ್ತೇನೆ.

ಆಮೇಲೆ ನುಣುಪಾದ ಗೋಡೆ ಪರದೆಯಲ್ಲಿ ಮೆಟ್ಟಿಲಿನಂತೆ ಕಂಡಿತು. ಜಾಗಗಳನ್ನು ಮೀಟರ್‌ನಲ್ಲಿ ಗುರುತಿಸುವ ಯುಟಿಎಂ ನಕ್ಷೆ ಪದ್ಧತಿಯಲ್ಲಿ ಪುಣೆ 43ನೆಯ ವಲಯದಲ್ಲಿದೆ. ಇಲ್ಲಿನ ಉತ್ತರ ನಿರ್ದೇಶಾಂಕ, ಅಂದರೆ ಸಮಭಾಜಕದಿಂದ ಉತ್ತರಕ್ಕಿರುವ ದೂರ, 20 ಲಕ್ಷ ಮೀಟರ್ ದಾಟುತ್ತದೆ. ಅಷ್ಟು ದೊಡ್ಡ ಸಂಖ್ಯೆಯನ್ನು 32 ಬಿಟ್‌ನ ಫ್ಲೋಟ್‌ನಲ್ಲಿ ಇಟ್ಟರೆ ಪಕ್ಕಪಕ್ಕದ ಎರಡು ಬೆಲೆಗಳ ನಡುವಿನ ಅಂತರವೇ 12.5 ಸೆಂಟಿಮೀಟರ್. ಎಲ್ಲವನ್ನೂ ಇನ್ನೂ ನಿಖರವಾದ, 64 ಬಿಟ್‌ನ ಡಬಲ್‌ಗೆ ಬದಲಿಸಿದೆ. ಸಂಖ್ಯೆಗಳು ಚಿಕ್ಕದಾಗಲೆಂದು ಪರದೆಗೆ ಕಳಿಸುವ ಮುನ್ನ ಅಂಗಳದ ಬಾವಿಕಟ್ಟೆಯ ನಿರ್ದೇಶಾಂಕವನ್ನು ಕಳೆಯುತ್ತೇನೆ.

ನನಗೆ ಹೆಚ್ಚು ಇಷ್ಟವಾದದ್ದು ಸಿಜಿಎಎಲ್‌ನ ಕಟ್ಟುನಿಟ್ಟು. ಐಗನ್‌ನಲ್ಲಿ ನಾನು ಬಿಂದುವಿಗೂ ದಿಕ್ಕಿಗೂ ಮೂರು ಸಂಖ್ಯೆಗಳ ಒಂದೇ ಬಗೆಯ ವೆಕ್ಟರ್ ಬಳಸುತ್ತಿದ್ದೆ. ಸಿಜಿಎಎಲ್ ಎರಡು ಬಿಂದುಗಳನ್ನು ಕೂಡಿಸಲು ಬಿಡುವುದಿಲ್ಲ, ಕಳೆದರೆ ವೆಕ್ಟರ್ ಕೊಡುತ್ತದೆ. ವಾಡೆಯ ಬಾಗಿಲು ಬಿಂದು. ಬಾಗಿಲಿನಿಂದ ಉತ್ತರಕ್ಕೆ ನೂರು ಹೆಜ್ಜೆ ಎಂಬುದು ವೆಕ್ಟರ್. ಇಡೀ ವಾಡೆಯನ್ನೇ ಸರಿಸಿದರೂ ಆ ನೂರು ಹೆಜ್ಜೆ ಬದಲಾಗುವುದಿಲ್ಲ. ಗೋಡೆಗೆ ಲಂಬವಾದ ದಿಕ್ಕನ್ನು ಬಿಂದುವೆಂದು ದಾಟಿಸಿದ್ದರೆ ಸ್ಥಳಾಂತರವೂ ಅದಕ್ಕೆ ಕೂಡಿಕೊಂಡು ದಿಕ್ಕು ಕೆಡುತ್ತಿತ್ತು. ಅದಕ್ಕೇ ದಾಟಿಸುವ ಫಂಕ್ಷನ್‌ಗಳಿಗೆ ಬೇರೆ ಬೇರೆ ಹೆಸರಿಟ್ಟು, ಎಲ್ಲವನ್ನೂ ಒಂದೇ ಫೈಲಿನಲ್ಲಿ ಇಟ್ಟಿದ್ದೇನೆ.

ಅದರ ಜೊತೆಗೇ ಒಂದು ಪರೀಕ್ಷೆ ಇದೆ. ವಾಡೆಯ ನಾಲ್ಕು ಮೂಲೆಗಳನ್ನು ಎರಡೂ ಲೈಬ್ರರಿಗಳಲ್ಲಿ ಪ್ರತ್ಯೇಕವಾಗಿ ತಿರುಗಿಸಿ, ಸರಿಸಿ, ಉತ್ತರಗಳನ್ನು ತಾಳೆ ನೋಡುತ್ತದೆ. ಮೊದಲು ಅದರಲ್ಲಿ 180 ಡಿಗ್ರಿ ಇಟ್ಟಿದ್ದೆ. ಆ ಕೋನದಲ್ಲಿ ಮುಂದಕ್ಕೆ ತಿರುಗಿದರೂ ಹಿಂದಕ್ಕೆ ತಿರುಗಿದರೂ ಒಂದೇ ಆದ್ದರಿಂದ ತಿರುಗುವ ದಿಕ್ಕಿನ ತಪ್ಪು ಸಿಕ್ಕಿಬೀಳುವುದಿಲ್ಲ. ಈಗ 30 ಡಿಗ್ರಿ ಇಟ್ಟಿದ್ದೇನೆ.