ಆಟಿಯ ಮಳೆಯಲ್ಲಿ ಎಂಬಾಸಿಂಗ್: ನನ್ನ ಅನುಭವ

ತುಳುವರ ಸೋಣ ತಿಂಗಳಲ್ಲಿ ಗೃಹಪ್ರವೇಶ ಇಟ್ಟುಕೊಂಡವರ ಕರೆಯೋಲೆ ಅದರ ಹಿಂದಿನ ಮಳೆಯ ತಿಂಗಳಾದ ಆಟಿಯಲ್ಲೇ ತಯಾರಾಗಬೇಕು. ಕಾಸರಗೋಡಿನ ಬದಿಯಡ್ಕದ ಕಡೆಯ ಮಳೆ ಗೊತ್ತಿದ್ದವರೆಲ್ಲ, ಪೌಡರ್ ಎಂಬಾಸಿಂಗ್ (ಸ್ಟಾಂಪಿನ ಹಸಿ ಶಾಯಿಯ ಮೇಲೆ ಪೌಡರ್ ಉದುರಿಸಿ, ಬಿಸಿಯಿಂದ ಕರಗಿಸಿ ಅಕ್ಷರ ಉಬ್ಬಿಸುವುದು) ಬೇಸಗೆಯ ಕೆಲಸ, ಮಳೆಗಾಲದಲ್ಲಿ ಆಗುವಂಥದ್ದಲ್ಲ ಎಂದೇ ಹೇಳುತ್ತಿದ್ದರು. ನಮ್ಮ ಭಾವನಂತೂ, "ಸುಮ್ಮನೆ ಆಫ್‌ಸೆಟ್‌ಗೆ ಕೊಡು ಮಾರಾಯ" ಎಂದು ಮೂರು ಮಳೆಗಾಲ ಹೇಳಿದರು. ಈ ವರ್ಷ ಇನ್ನೂರರಷ್ಟು ಕಾರ್ಡು ಕೊಟ್ಟೆ, ಒಂದೂ ವಾಪಸು ಬರಲಿಲ್ಲ.

ಮೊದಲು ಹಾಳಾದದ್ದರ ಲೆಕ್ಕ. ಸ್ಟಾಂಪ್ ಒತ್ತಿ ಪೌಡರ್ ಉದುರಿಸಿದರೆ ಅಕ್ಷರದ ಮೇಲೆ ಮಾತ್ರವಲ್ಲ, ಕಾಗದದ ಉದ್ದಗಲಕ್ಕೂ ಚಿನ್ನದ ಕಣ. ಪುಟ್ಟ ಬಟ್ಟೆಯ ಗಂಟಿನಲ್ಲಿ ಟಾಲ್ಕಂ ಕಟ್ಟಿ, ಸ್ಟಾಂಪ್ ಒತ್ತುವ ಮೊದಲು ಕಾಗದವನ್ನು ಒರೆಸುವ ಉಪಾಯ ಎಲ್ಲರೂ ಮಾಡುವುದೇ; ಕಣಗಳನ್ನು ಕಾಗದಕ್ಕೆ ಸೆಳೆಯುವ ಸ್ಟಾಟಿಕ್ ವಿದ್ಯುತ್ತಿಗೆ ಅದು ಸಾಕು, ತೇವಕ್ಕೆ ಸಾಲದು. ಬಿಸಿ ತಾಗಿದಾಗ ಕಾಗದದೊಳಗಿನ ನೀರು ಆವಿಯಾಗಿ, ಕರಗುತ್ತಿರುವ ಪೌಡರಿನಲ್ಲಿ ಗುಳ್ಳೆ ಏಳುತ್ತದೆ. ತಣಿದ ಮೇಲೆ ಸಿಡುಬಿನ ಕಲೆ. ಪೌಡರ್ ಕರಗಿಸಲು ಬಿಸಿಗಾಳಿ ಊದುವ, ಹಾರ್ಡ್‌ವೇರ್ ಅಂಗಡಿಯ ಹೀಟ್ ಗನ್‌ಗೆ ಸಾವಿರದ ಇನ್ನೂರೋ ಮುನ್ನೂರೋ ಕೊಟ್ಟಿದ್ದೆ. ಅದರ ಗಾಳಿಗೆ ಪೌಡರ್ ಹಾರಿ ಗೋಡೆ ಮಿನುಗಿತು. ಕ್ರಾಫ್ಟ್‌ನವರ ಸಣ್ಣ ಗನ್ನನ್ನು ಮತ್ತೆ ತರಿಸಬೇಕಾಯಿತು. ಪೌಡರಿನ ಡಬ್ಬಿಗಳೂ ಸೇರಿ ಐದು ಸಾವಿರದ ಹತ್ತಿರ ಹೋಗಿರಬೇಕು.

ಕೊನೆಗೆ ಕೈಹಿಡಿದದ್ದು ಹಲಸಿನ ಹಪ್ಪಳದ ತಗಡಿನ ಡಬ್ಬ. ಕತ್ತರಿಸಿದ ಕಾರ್ಡುಗಳನ್ನು ತೇವ ಹೀರುವ ಸಿಲಿಕಾ ಜೆಲ್ ಜತೆ ಎರಡು ದಿನ ಅದರಲ್ಲಿ ಮುಚ್ಚಿಡುತ್ತೇನೆ. ಒಮ್ಮೆಗೆ ನಾಲ್ಕೈದು ಮಾತ್ರ ಹೊರಗೆ ತೆಗೆದು, ಸ್ಟಾಂಪ್ ಒತ್ತುವ ಮೊದಲೇ ಹಿಂಬದಿಗೆ ಒಮ್ಮೆ ಬಿಸಿ ತೋರಿಸುತ್ತೇನೆ. ಗನ್ನನ್ನು ದೂರದಲ್ಲೇ ಕಾಯಿಸಿಕೊಂಡು ಕಾರ್ಡಿನ ಅಡಿಯಿಂದ ಹಿಡಿದರೆ ಪೌಡರ್ ಹಾರುವುದಿಲ್ಲ. ಹೊಳಪು ಬಂದ ಕ್ಷಣ ಗನ್ ಸರಿಸಬೇಕು. ಇನ್ನೂ ಕಾಯಿಸಿದರೆ ಅಕ್ಷರ ಚಪ್ಪಟೆಯಾಗಿ, ಸುತ್ತ ಎಣ್ಣೆ ಇಳಿದಂತೆ ಕಾಣುತ್ತದೆ. ಯಕ್ಷಗಾನ ಕಿರೀಟದ ಚಿತ್ರದ ಸಣ್ಣ ಎಳೆಗಳಿಗೆ ನಯವಾದ ಡೀಟೇಲ್ ಪೌಡರೇ ಬೇಕು, ಸಾಮಾನ್ಯದ್ದು ಎಳೆಗಳ ನಡುವಿನ ಜಾಗವನ್ನೆಲ್ಲ ನುಂಗುತ್ತದೆ.

ಡೈ ಇಂಕ್ ಬೇಗ ಒಣಗುವುದರಿಂದ ಪೌಡರ್ ಹಿಡಿಯುವುದಿಲ್ಲ. ನಿಧಾನ ಒಣಗುವ ಪಿಗ್ಮೆಂಟ್ ಶಾಯಿಯ ಪ್ಯಾಡ್ ದುಬಾರಿ. ಹಾಗಾಗಿ ಗ್ಲಿಸರಿನ್‌ನಿಂದ ನನ್ನದೇ ಪ್ಯಾಡ್ ಮಾಡಿಕೊಂಡಿದ್ದೇನೆ. ಅದಕ್ಕೆ ಏನು ಬೆರೆಸಿದೆ, ಎಷ್ಟು ಬೆರೆಸಿದೆ ಎಂಬುದು ಸದ್ಯಕ್ಕೆ ನನ್ನಲ್ಲೇ ಇರಲಿ.

ಕರೆಂಟು ಹೋದರೆ? ಮನೆಯ ಇನ್ವರ್ಟರು ಗನ್ನನ್ನು ತಾಳುವುದಿಲ್ಲ. ದೋಸೆ ಕಾವಲಿಯನ್ನು ಗ್ಯಾಸಿನ ಮೇಲೆ ಕಾಯಿಸಿ, ಎರಡು ಬೆರಳಿನಷ್ಟು ಎತ್ತರದಲ್ಲಿ ಕಾರ್ಡನ್ನು ಚಿಮಟದಿಂದ ಹಿಡಿದೆ. ಗನ್ನಿಗಿಂತ ಸಮನಾಗಿ ಕರಗಿತು! ಅಕ್ಕನಿಗೆ ಮಾತ್ರ ಕಾವಲಿಯ ಚಿಂತೆ.

ಕಾರ್ಡೊಂದಕ್ಕೆ ಹದಿನೆಂಟು, ಇಪ್ಪತ್ತು ರೂಪಾಯಿ ಬೀಳುತ್ತದೆ, ನಲವತ್ತೈದಕ್ಕೆ ಕೊಡುತ್ತೇನೆ. ನನ್ನ ಕೂಲಿ ಹಿಡಿದರೆ ದೊಡ್ಡ ಲಾಭವೇನಲ್ಲ.

ನಡುವೆ ಪೌಡರ್ ಬಿಟ್ಟು, ಅಡಿಕೆ ಹಾಳೆಯ ಮೇಲೆ ಅಚ್ಚು ಒತ್ತಿ ಉಬ್ಬಿಸುವ ಹುಚ್ಚೂ ಹಿಡಿದಿತ್ತು. ತಟ್ಟೆ ಮಾಡುವವರಂತೆ ಹಾಳೆಯನ್ನು ನೆನೆಸಿ, ರಟ್ಟಿಗೆ ಹಿತ್ತಾಳೆ ತಂತಿ ಅಂಟಿಸಿದ ಅಚ್ಚಿನ ಮೇಲಿಟ್ಟು ಬೈಂಡಿಂಗ್ ಪ್ರೆಸ್ಸಿನಲ್ಲಿ ಬಿಗಿದೆ. ನಾರಿನ ಉದ್ದಕ್ಕೆ ಹೋದ ಗೆರೆ ಚೆನ್ನಾಗಿ ಮೂಡಿತು, ಅಡ್ಡ ಗೆರೆ ಅರ್ಧಕ್ಕರ್ಧ ಮಾಯ. ಪೂರ್ತಿ ಒಣಗುವ ಮೊದಲೇ ಪ್ರೆಸ್ ಬಿಚ್ಚಿದರೆ ಹಾಳೆ ಸುರುಟಿಕೊಳ್ಳುತ್ತದೆ. ದಪ್ಪ ಗೆರೆಯ ಮಾವಿನಕಾಯಿ, ದೀಪ ಇಷ್ಟಕ್ಕೆ ಅಡ್ಡಿಯಿಲ್ಲ. ಹೆಸರು ಬರೆಸುವ ಆಸೆ ಬೇಡ.